ಕೆರೆಯ ನೀರು, ಕಡಲ ನೀರು

ಬೇಸಿಗೆ ರಜೆ ಬಂತೆಂದರೆ ಬಯಲುಸೀಮೆಯ ಮನೆಗಳಲ್ಲಿ ಮಕ್ಕಳ ಬೇಡಿಕೆ ಒಂದೇ: ಸಮುದ್ರ ನೋಡಿಬರಬೇಕು. ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯ ಮಕ್ಕಳಿಗಂತೂ ಈ ಆಸೆ ಸಹಜವಾದುದು. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣೆದುರು ಕಾಫಿ ತೋಟ, ಮಂಜು, ಝರಿಗಳು ನಿಲ್ಲುತ್ತವೆ. ಆದರೆ ಗಿರಿಶ್ರೇಣಿಯ ಪೂರ್ವಕ್ಕಿರುವ ಈ ಭಾಗ ಮಳೆಯ ನೆರಳಿನ ನಾಡು. ಮುಂಗಾರಿನ ಮೋಡಗಳು ಘಟ್ಟದ ಮೇಲೆಯೇ ಬಹುಮಟ್ಟಿಗೆ ಬರಿದಾಗಿ ಇತ್ತ ಬರುತ್ತವೆ. ಕೆರೆಯಂಗಳ ಬಿರುಕು ಬಿಟ್ಟು, ತೆಂಗಿನ ಗರಿ ಜೋತುಬೀಳುವ ದಿನಗಳಲ್ಲಿ ಕೊನೆಯಿಲ್ಲದ ನೀರನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಮನಸ್ಸು ಬಯಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲೊಂದು ಸೋಜಿಗವಿದೆ. ಪಡುವಣ ಕಡಲು ಇಲ್ಲಿಂದ ಸುಮಾರು ೨೦೦ ಕಿಲೋಮೀಟರ್ ದೂರದಲ್ಲಿದೆ. ಆದರೂ ಈ ನೆಲದ ನೀರು ಆ ಕಡೆಗೆ ಹರಿಯುವುದಿಲ್ಲ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹಳ್ಳಗಳು ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿ, ಮುಂದೆ ಕೂಡಿ ವೇದಾವತಿಯಾಗುತ್ತವೆ. ಆ ನದಿ ಹಿರಿಯೂರಿನ ಸಮೀಪದ ವಾಣಿವಿಲಾಸ ಸಾಗರದಲ್ಲಿ ನಿಂತು, ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಸೇರಿ, ನೂರಾರು ಮೈಲಿ ಪೂರ್ವಕ್ಕೆ ನಡೆದು ಬಂಗಾಳಕೊಲ್ಲಿಯನ್ನು ಮುಟ್ಟುತ್ತದೆ. ಹೀಗೆ ಪಡುವಣ ಕಡಲು ನಮಗೆ ನೆರೆಯದಾದರೂ ಪರಿಚಿತವಲ್ಲ. ಪ್ರವಾಸಕ್ಕೆ ಹೊರಡುವ ಕುಟುಂಬವು ಮೊದಲು ನೆನಪಿಡಬೇಕಾದ ಸಂಗತಿ ಇದೇ.

ನಮ್ಮ ಹಿರಿಯರು ಕಂಡ ನೀರು ಕೆರೆಯದು, ಬಾವಿಯದು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿತವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅಲ್ಲಿ ನೀರು ನಿಂತಿರುತ್ತದೆ, ಅದರ ಆಳ ಎಲ್ಲಿ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಸಮುದ್ರದ ನೀರು ನಿಲ್ಲುವುದಿಲ್ಲ. ಬಾವಿಯಲ್ಲಿ ಗಳಿಸಿದ ಧೈರ್ಯವೇ ಅಲ್ಲಿ ಅಪಾಯಕ್ಕೆ ದಾರಿಯಾಗುವುದುಂಟು. ೨೦೨೪ರ ಡಿಸೆಂಬರ್ ೧೦ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಅಲೆಗಳಲ್ಲಿ ಪ್ರಾಣ ಕಳೆದುಕೊಂಡರು. ಆ ಬಳಿಕ ಕೆಲವು ಕಾಲ ಅಲ್ಲಿನ ಕಡಲತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಅದು ಮಳೆಗಾಲವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಆ ಮಕ್ಕಳೂ ನಮ್ಮ ಮಕ್ಕಳಂತೆಯೇ ಬರದ ನಾಡಿನಿಂದ ನೀರನ್ನು ಕಾಣಲು ಹೋದವರು.

ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದಿರುಗಲೇಬೇಕಷ್ಟೆ. ಅದು ಕೆಲವೆಡೆ ಕಿರಿದಾದ ಕಾಲುವೆಯಂತೆ ಒಂದೇ ಕಡೆಯಿಂದ ರಭಸವಾಗಿ ಒಳಗಡಲಿಗೆ ನುಗ್ಗುತ್ತದೆ. ಇದೇ ಸೆಳವು. ಇದರ ಮೋಸವೇನೆಂದರೆ, ಎರಡು ಪಕ್ಕಗಳಲ್ಲಿ ಅಲೆಗಳು ನೊರೆಗಟ್ಟಿ ಒಡೆಯುತ್ತಿರುವಾಗ ಸೆಳವಿರುವ ಜಾಗ ಮಾತ್ರ ಶಾಂತವಾಗಿ ಕಾಣುತ್ತದೆ. ಅರಿಯದವರು ಅದೇ ಸುರಕ್ಷಿತವೆಂದು ಅಲ್ಲಿಗೇ ಇಳಿಯುತ್ತಾರೆ. ಸೆಳವಿಗೆ ಸಿಕ್ಕವರು ನೇರವಾಗಿ ದಡದತ್ತ ಈಜಿದರೆ ಬಲವೆಲ್ಲ ಸೋರಿಹೋಗುತ್ತದೆ. ಗಾಬರಿಯಾಗದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳವು ತಪ್ಪಿದ ಮೇಲೆ ದಡದ ಕಡೆಗೆ ತಿರುಗಬೇಕು. ದಡದಲ್ಲಿರುವವರು ಹಿಂದೆಯೇ ಹಾರುವುದು ಇನ್ನೊಂದು ಜೀವವನ್ನು ಒಡ್ಡಿದಂತೆ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಹಗ್ಗ, ಟ್ಯೂಬು ಇವುಗಳಲ್ಲಿ ಕೈಗೆ ಸಿಕ್ಕಿದುದನ್ನು ಎಸೆದು, ಜೀವರಕ್ಷಕರನ್ನು ಕೂಗಬೇಕು. ಅಂದಮೇಲೆ ಜೀವರಕ್ಷಕರು ಇರುವ ತೀರಕ್ಕೇ ಹೋಗುವುದು, ಅವರು ನೆಟ್ಟ ಬಾವುಟದ ಎಲ್ಲೆಯನ್ನು ಮೀರದಿರುವುದು ವಿವೇಕ.

ಇನ್ನು ದಿನದ ಲೆಕ್ಕ. ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರಗಳ ಮೇಲೆ ಚಾರ್ಮಾಡಿ ಘಟ್ಟವಿಳಿದು ಮಂಗಳೂರಿನ ಪಣಂಬೂರಿಗೆ ಹೋಗಬಹುದು; ಇಲ್ಲವೇ ತರೀಕೆರೆ, ಶಿವಮೊಗ್ಗ, ತೀರ್ಥಹಳ್ಳಿಗಳ ಮೇಲೆ ಆಗುಂಬೆಯ ತಿರುವುಗಳನ್ನಿಳಿದು ಉಡುಪಿ, ಮಲ್ಪೆಗಳನ್ನು ಸೇರಬಹುದು. ಎರಡರಲ್ಲಿಯೂ ಐದಾರು ಗಂಟೆಗಳ ಪ್ರಯಾಣ. ಬೆಳಗಿನ ಐದಕ್ಕೆ ಹೊರಟರೂ ತಲುಪುವಾಗ ಹತ್ತು ಹನ್ನೊಂದಾಗಿರುತ್ತದೆ. ಅಂದರೆ ಒಂದೇ ದಿನದಲ್ಲಿ ಹೋಗಿಬರುವವರು ಸುಡುವ ನಡುಹಗಲಿನಲ್ಲಿಯೇ ಮರಳಿಗೆ ಇಳಿಯುತ್ತಾರೆ. ಸಂಜೆಯ ತಂಪಿನವರೆಗೆ ಕಾದರೆ ರಾತ್ರಿಯಲ್ಲಿ ಘಟ್ಟ ಹತ್ತಬೇಕಾಗುತ್ತದೆ. ಆದುದರಿಂದ ಹಿಂದಿನ ದಿನವೇ ಹೋಗಿ ತಂಗಿ, ಬೆಳಗಿನ ಎರಡು ಗಂಟೆಗಳನ್ನು ಕಡಲಿಗೆ ಕೊಡುವುದು ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಮಧ್ಯಾಹ್ನ ನೆರಳಿನಲ್ಲಿ ಕಳೆದು, ನಾಲ್ಕರ ಬಳಿಕ ತೀರಕ್ಕೆ ಹೋಗಿ, ಮರಳುವಾಗ ವಾಹನ ನಡೆಸಲು ವಿಶ್ರಾಂತಿ ಪಡೆದ ಇನ್ನೊಬ್ಬರಿರುವಂತೆ ನೋಡಿಕೊಳ್ಳಬೇಕು.

ಕರಾವಳಿಯ ಬಿಸಿಲೂ ನಮ್ಮದರಂತಲ್ಲ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಬೇಗ ಆರಿ ಮೈ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲಿಯೇ ತೇವವಿರುವುದರಿಂದ ಬೆವರು ಆರುವುದಿಲ್ಲ, ದೇಹದ ಕಾವು ಹೊರಹೋಗುವುದಿಲ್ಲ. ಕಡಲಗಾಳಿ ಬೀಸುವುದರಿಂದ ಬಿಸಿಲಿನ ಕಾಟ ಅರಿವಿಗೆ ಬಾರದು. ವೃದ್ಧರಿಗೂ ಎಳೆಯರಿಗೂ ಬಾಯಾರುವ ಮೊದಲೇ ನೀರುಮಜ್ಜಿಗೆಯನ್ನೋ ಎಳನೀರನ್ನೋ ಕುಡಿಸಬೇಕು. ಬುತ್ತಿಗೆ ಚಪಾತಿ, ಚಟ್ನಿಪುಡಿ, ಚಿತ್ರಾನ್ನ ಸಾಕು. ಮೊಸರನ್ನವನ್ನು ಬಹಳ ಹೊತ್ತು ಇಡಬಾರದು. ತಲೆಸುತ್ತು, ವಾಂತಿ, ತಡವರಿಕೆಯ ಮಾತು ಕಂಡರೆ ಒಡನೆ ನೆರಳಿಗೆ ಕರೆತಂದು, ಮೈಗೆ ನೀರು ಹಚ್ಚಿ ಗಾಳಿ ಬೀಸಿ, ವೈದ್ಯರ ಬಳಿಗೆ ಒಯ್ಯಬೇಕು.

ಹೆಣ್ಣುಮಕ್ಕಳು ಸೀರೆಯಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯದಿರುವುದು ಲೇಸು. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡು ಏಳಗೊಡದು. ಇಷ್ಟಲಿಂಗ ಧರಿಸಿದವರು ಶಿವದಾರವನ್ನೂ ಕರಡಿಗೆಯನ್ನೂ ವಸ್ತ್ರದಲ್ಲಿ ಬಿಗಿಯಾಗಿ ಕಟ್ಟಿಕೊಂಡು ದಡದಂಚಿನಲ್ಲಿಯೇ ಪಾದ ತೊಳೆದರೆ ಸಾಕು. ಮಕ್ಕಳು ಎಷ್ಟು ಮಂದಿಯೋ ಅಷ್ಟೂ ಮಂದಿ ಹಿರಿಯರ ಕೈಯಳತೆಯಲ್ಲಿರಬೇಕು. ಯಾವ ಮಗುವಿನ ಮೇಲೆ ಯಾರ ಕಣ್ಣು ಎಂಬುದನ್ನು ಮನೆಯಲ್ಲಿಯೇ ಹಂಚಿಕೊಂಡು ಹೊರಡಬೇಕು. ಎಲ್ಲರೂ ನೋಡಿಕೊಳ್ಳುತ್ತಾರೆಂಬಲ್ಲಿ ಯಾರೂ ನೋಡಿಕೊಂಡಿರುವುದಿಲ್ಲ.

ಮುಳುಗಿದವರನ್ನು ಮೇಲಕ್ಕೆತ್ತಿದಾಗ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು ಹಳ್ಳಿಗಳಲ್ಲಿ ಬಹುಕಾಲದಿಂದ ಬಂದ ರೂಢಿ. ಇದರಿಂದ ಅಮೂಲ್ಯ ನಿಮಿಷಗಳು ಹಾಳಾಗುತ್ತವೆ. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಬಾಯಿಗೆ ಬಾಯಿಯಿಟ್ಟು ಉಸಿರು ತುಂಬಿ, ಎದೆಯ ನಡುವೆ ಒತ್ತುತ್ತಿರಬೇಕು. ಜೊತೆಗಿರುವವರು ೧೦೮ ಅಥವಾ ೧೧೨ಕ್ಕೆ ಕರೆ ಮಾಡಬೇಕು.

ಇದನ್ನೆಲ್ಲ ಓದಿ ಸಮುದ್ರದ ಸಹವಾಸವೇ ಬೇಡವೆಂದು ಯಾರೂ ಕೈಬಿಡಬಾರದು. ಕೊಡ ನೀರಿಗಾಗಿ ಕಾದ ಮನೆಯ ಅಜ್ಜಿಯೊಬ್ಬರು ಸೆರಗು ಹಿಡಿದು ದಡದಲ್ಲಿ ನಿಂತು, ಬಂದ ಅಲೆ ಪಾದ ತೊಳೆದು ಹೋಗುವುದನ್ನು ನೋಡುವ ಸುಖಕ್ಕೆ ಸಾಟಿಯಿಲ್ಲ. ಕೆರೆಗೆ ಬಾಗಿನ ಕೊಡುವಾಗ ಇರುವ ಭಯಭಕ್ತಿಯಲ್ಲಿ ಒಂದಿಷ್ಟನ್ನು ಕಡಲಿಗೂ ಕೊಟ್ಟರೆ, ಹೋದವರೆಲ್ಲರೂ ಮರಳಿ ಮನೆ ಸೇರುತ್ತಾರೆ.