ಪುಕ್ಕಟೆ ಸಿನಿಮಾದ ಗದ್ದಲ

ಶಾಲೆಯ ಬಯಲಿನಲ್ಲಿ ಎರಡು ಗಳ ನೆಟ್ಟು ಬಿಳಿ ಪರದೆ ಬಿಗಿಯುವುದನ್ನು ಮಕ್ಕಳು ಕಂಡರೆ ಸಾಕಿತ್ತು. ಕತ್ತಲಾಗುವುದರೊಳಗೆ ಸುದ್ದಿ ಸುತ್ತಲಿನ ಮಜರೆಗಳಿಗೂ ಗೌಳಿವಾಡಗಳಿಗೂ ಮುಟ್ಟುತ್ತಿತ್ತು. ಜನ ಬೇಗನೆ ಉಂಡು, ಕಂಬಳಿ, ಚಾಪೆ, ಗೋಣಿಚೀಲ ಹೊತ್ತು, ಬ್ಯಾಟರಿಯನ್ನೋ ಒಣಗರಿಯ ಸೂಡಿಯನ್ನೋ ಹಿಡಿದು ಬಂದು ಕೂರುತ್ತಿದ್ದರು. ಜೀಪಿನಲ್ಲಿ ಬಂದ ಪ್ರಚಾರ ಘಟಕದವರು ಜನರೇಟರ್ ಚಾಲೂ ಮಾಡಿದೊಡನೆ ಗದ್ದಲ ಆರಂಭ. ಪ್ರೊಜೆಕ್ಟರಿನ ಬೆಳಕಿಗೆ ಕೈಯೊಡ್ಡಿ ಪರದೆಯ ಮೇಲೆ ನಾಯಿ, ಮೊಲ ಕುಣಿಸುವ ಹುಡುಗರು. ಎದುರಿಗೆ ರುಮಾಲು ಸುತ್ತಿ ಕೂತ ಹಿರಿಯರು. ಶೇಂಗಾ ಸುಲಿಯುವ ಸದ್ದು, ಬೀಡಿಯ ಹೊಗೆ, ಅಳುವ ಕೂಸು. ನಡುವೆ ನಿಲ್ಲದೆ ಮಾತಾಡುವ ಒಬ್ಬ ಮಹಾಶಯ.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ನಡುವಯಸ್ಸು ದಾಟಿದವರಿಗೆ ಈ ಚಿತ್ರ ಹೊಸದಲ್ಲ. ಇಂಥ ಪ್ರದರ್ಶನಗಳ ಬಗ್ಗೆ ಪಟ್ಟಣದವರ ದೂರು ಒಂದೇ: ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಹಳ್ಳಿಯವರಿಗೆ ಸಿನಿಮಾ ನೋಡುವ ರೀತಿ ತಿಳಿಯದು. ಆದರೆ ಆ ಗದ್ದಲವನ್ನು ಬಿಡಿಸಿ ನೋಡಿದರೆ ಅದರಲ್ಲಿ ಬೇರೆ ಬೇರೆ ಬಗೆಯ ಸದ್ದುಗಳಿದ್ದವು. ಕೆಲವು ನಿಜಕ್ಕೂ ಉಪದ್ರವ. ಇನ್ನು ಕೆಲವು ಇಲ್ಲದಿದ್ದರೆ ಅರ್ಧ ಜನಕ್ಕೆ ಸಿನಿಮಾ ಅರ್ಥವೇ ಆಗುತ್ತಿರಲಿಲ್ಲ.

ಟಿಕೆಟ್ ಇಲ್ಲದ ಆಟದ ಬೆಲೆ

ಮೊದಲಿಗೆ, ಈ ಸಿನಿಮಾ ನಿಜವಾಗಿಯೂ ಪುಕ್ಕಟೆಯೇ? ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕೇಂದ್ರ ಸರಕಾರ ಫಿಲ್ಮ್ಸ್ ಡಿವಿಜನ್ ಸ್ಥಾಪಿಸಿತು. ಪಂಚವಾರ್ಷಿಕ ಯೋಜನೆಗಳ ಪ್ರಚಾರಕ್ಕೆಂದು 1953ರಲ್ಲಿ ಹುಟ್ಟಿದ ವ್ಯವಸ್ಥೆ ಮುಂದೆ ಕ್ಷೇತ್ರ ಪ್ರಚಾರ ನಿರ್ದೇಶನಾಲಯವಾಯಿತು. ರಾಜ್ಯದ ವಾರ್ತಾ ಮತ್ತು ಪ್ರಚಾರ ಇಲಾಖೆಯ ವಾಹನಗಳೂ ಊರೂರು ತಿರುಗಿದವು. ಕುಟುಂಬ ಯೋಜನೆ, ಮಲೇರಿಯಾ, ರಸಗೊಬ್ಬರ, ಅಲ್ಪ ಉಳಿತಾಯ ಇವು ಸಾಕ್ಷ್ಯಚಿತ್ರಗಳ ವಿಷಯ. ಜನ ಬರುತ್ತಿದ್ದುದು ಕಥಾಚಿತ್ರಕ್ಕಾಗಿ. ಅದನ್ನು ಮೊದಲೇ ತೋರಿಸಿದರೆ ಬಯಲು ಖಾಲಿಯಾಗುವುದೆಂದು ಬಲ್ಲವರು ಸಾಕ್ಷ್ಯಚಿತ್ರ ಮುಗಿದ ಮೇಲೆಯೇ ಅದರ ಡಬ್ಬಿ ತೆರೆಯುತ್ತಿದ್ದರು.

ಹಣ ಕೊಟ್ಟು ಟಾಕೀಸಿಗೆ ಹೋದವನಿಗೆ ಇದರಿಂದ ಪಾರಾಗುವ ದಾರಿಯಿತ್ತು. ಅಲ್ಲಿಯೂ ಸರಕಾರಿ ವಾರ್ತಾಚಿತ್ರ ತೋರಿಸುವುದು ಕಡ್ಡಾಯವಾಗಿತ್ತಾದರೂ ಆತ ಹೊರಗೆ ಬೀಡಿ ಸೇದಿ ಮುಖ್ಯ ಚಿತ್ರಕ್ಕೆ ಒಳಗೆ ಬರಬಹುದಿತ್ತು. ಬಯಲಿನಲ್ಲಿ ಎದ್ದರೆ ಜಾಗ ಹೋಯಿತು. ಹೀಗಾಗಿ ಕಾಸು ಕೊಡದವನು ತನ್ನ ಗಮನವನ್ನೇ ಟಿಕೆಟ್ಟಾಗಿ ತೆರುತ್ತಿದ್ದ. ‘ಸಿನಿಮಾ ಹಾಕ್ರೀ’ ಎಂಬ ಕೂಗು ಅಶಿಸ್ತಿನಂತೆ ಕೇಳಿದರೂ, ಬೆಲೆ ತೆತ್ತವನು ಸರಕು ಕೇಳುವ ದನಿ ಅದರಲ್ಲಿತ್ತು.

ಆಟದ ಬಯಲು, ಸಿನಿಮಾದ ಬಯಲು

ಬಯಲಿನಲ್ಲಿ ಕೂತು ನೋಡುವ ರೂಢಿಯನ್ನು ಈ ಜನ ಸಿನಿಮಾದಿಂದ ಕಲಿತವರಲ್ಲ. ಜಿಲ್ಲೆಯ ಪಶ್ಚಿಮಕ್ಕೆ ಯಕ್ಷಗಾನ, ಪೂರ್ವದ ಬಯಲುಸೀಮೆಗೆ ದೊಡ್ಡಾಟ. ಎರಡೂ ರಾತ್ರಿಯಿಡೀ ನಡೆಯುವಂಥವು. ಅಲ್ಲಿ ನಿದ್ದೆ ಮಾಡುವುದು ತಪ್ಪಲ್ಲ. ಮೆಚ್ಚಿನ ವೇಷ ಬಂದಾಗ ಎಬ್ಬಿಸೆಂದು ಪಕ್ಕದವನಿಗೆ ಹೇಳಿ ಮಲಗಬಹುದು, ಎದ್ದು ಚಹಾ ಕುಡಿದು ಬರಬಹುದು. ಏಕೆಂದರೆ ಕಥೆ ಎಲ್ಲರಿಗೂ ಗೊತ್ತು. ಮೇಲಾಗಿ ಭಾಗವತರ ಕಣ್ಣು ಸಭೆಯ ಮೇಲಿರುತ್ತದೆ. ಸಭೆ ಬೇಸತ್ತರೆ ಪ್ರಸಂಗವನ್ನು ಮೊಟಕುಗೊಳಿಸಬಹುದು, ಒಲಿದರೆ ಹಿಗ್ಗಿಸಬಹುದು.

ಪ್ರೊಜೆಕ್ಟರಿಗೆ ಕಣ್ಣಿಲ್ಲ. ಸೆಕೆಂಡಿಗೆ 24 ಚಿತ್ರಗಳಂತೆ ಅದು ಓಡುತ್ತಲೇ ಇರುತ್ತದೆ. ಕಥೆಯೂ ಹೊಸತು, ಒಂದು ಮಾತು ತಪ್ಪಿದರೆ ಮುಂದಿನದು ಹತ್ತುವುದಿಲ್ಲ. ಬಯಲಾಟದ ಮರ್ಯಾದೆಯನ್ನೇ ಸಿನಿಮಾಕ್ಕೆ ತಂದಾಗ ತಿಕ್ಕಾಟವಾದದ್ದು ಇಲ್ಲಿ. ಜನರಿಗೆ ಶಿಸ್ತು ಇತ್ತು, ಆದರೆ ಅದು ಇನ್ನೊಂದು ಕಲೆಗೆ ಹೊಂದಿಕೊಂಡ ಶಿಸ್ತಾಗಿತ್ತು.

ಯಂತ್ರವೂ ತನ್ನ ಪಾಲಿನ ಗದ್ದಲ ಸೇರಿಸುತ್ತಿತ್ತು. ಹಳ್ಳಿಗಳಿಗೆ ಬರುತ್ತಿದ್ದುದು 16 ಮಿಲಿಮೀಟರ್ ಫಿಲ್ಮು. 1600 ಅಡಿಯ ದೊಡ್ಡ ರೀಲು ಸುಮಾರು 44 ನಿಮಿಷ ಓಡುತ್ತದೆ. ಎರಡೂವರೆ ತಾಸಿನ ಚಿತ್ರಕ್ಕೆ ನಾಲ್ಕು ರೀಲು ಬೇಕು. ಇರುವುದು ಒಂದೇ ಪ್ರೊಜೆಕ್ಟರ್ ಆದ್ದರಿಂದ ಕನಿಷ್ಠ ಮೂರು ಸಲ ಪರದೆ ಬೆಳ್ಳಗಾಗಲೇಬೇಕು. ಹಳೆಯ ಪ್ರಿಂಟು ತುಂಡಾದರೆ ಇನ್ನಷ್ಟು ಸಲ. ಸಿಳ್ಳೆ, ಕೂಗಾಟಗಳಲ್ಲಿ ಹೆಚ್ಚಿನವು ಈ ಬಿಡುವಿನವು. ಪರದೆಯ ಹಿಂದೆ ಜಾಗ ಹಿಡಿದು ನಾಯಕನನ್ನು ಎಡಗೈಯವನನ್ನಾಗಿ ಕಂಡವರಿಗೆ ತಕರಾರೇ ಇರಲಿಲ್ಲ. ಅಕ್ಷರ ತಿರುವುಮುರುವಾದರೂ ಗಾಳಿ, ಜಾಗ ಧಾರಾಳ.

ಮಾತಾಡುವವನು ಯಾರು?

ಇನ್ನು ಆ ನಿಲ್ಲದೆ ಮಾತಾಡುವ ಮಹಾಶಯನ ವಿಚಾರ. ಅವನನ್ನು ತಿಳಿಯಲು ಈ ಸೀಮೆಯ ನುಡಿಗಳನ್ನು ತಿಳಿಯಬೇಕು. ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹಳಿಯಾಳದ ಸುತ್ತ ಮರಾಠಿ ಮನೆಮಾತಿನ ಊರುಗಳು ಹಲವು. ಜೋಯಿಡಾದ ಕುಣಬಿಗಳದು ಕೊಂಕಣಿ. ಗೌಳಿಗಳ ನುಡಿ ಮರಾಠಿಗೆ ಹತ್ತಿರ. ಸಿದ್ದಿಗಳು ಊರಿಗೆ ತಕ್ಕಂತೆ ಕೊಂಕಣಿ, ಮರಾಠಿ, ಉರ್ದು, ಕನ್ನಡ ಆಡುವವರು. ದಾಂಡೇಲಿಯ ಕಾಗದದ ಕಾರ್ಖಾನೆ, ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, 1955ರಲ್ಲಿ ಸ್ಥಾಪನೆಯಾದ ಮೇಲೆ ದೇಶದ ಹಲವು ಕಡೆಯವರು ಅಲ್ಲಿ ಬಂದು ನೆಲೆಸಿದರು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ನರ ವಸತಿ ಆರಂಭವಾಯಿತು. ಕಾಳಿ ನದಿಯ ಅಣೆಕಟ್ಟೆಯಲ್ಲಿ ಸೂಪಾ ಊರು ಮುಳುಗಿ, ಅಲ್ಲಿನವರು ರಾಮನಗರ ಮೊದಲಾದೆಡೆ ಹೋಗಿ ನೆಲೆಸಬೇಕಾಯಿತು.

ಇಂಥ ಕಡೆ ಕನ್ನಡ ಚಿತ್ರವನ್ನೋ ಹಿಂದಿ ಚಿತ್ರವನ್ನೋ ಹಾಕಿದರೆ ಬಯಲಿನಲ್ಲಿ ಕೂತವರಲ್ಲಿ ಎಷ್ಟು ಮಂದಿಗೆ ಪೂರಾ ತಿಳಿದೀತು? ಶಾಲೆಗೆ ಹೋದ ಮೊಮ್ಮಗ ಅಜ್ಜಿಗೆ ಕೊಂಕಣಿಯಲ್ಲಿ ಹೇಳುತ್ತಾನೆ. ದುಡಿಯಲು ಹೊರಗೆ ಹೋಗಿ ಹಿಂದಿ ಕಲಿತವನು ಇಡೀ ಸಾಲಿಗೆ ಮರಾಠಿಯಲ್ಲಿ ಬಿಡಿಸುತ್ತಾನೆ. ಭಾಷೆ ಬಲ್ಲವನಿಗೆ ಇದು ಕಿರಿಕಿರಿ. ಬಲ್ಲದವನಿಗೆ ಇದೇ ಸಿನಿಮಾ. ಒಂದೇ ಸದ್ದು ಒಬ್ಬನ ಕಿವಿಗೆ ಕಲ್ಲು, ಇನ್ನೊಬ್ಬನ ಪಾಲಿಗೆ ಕಣ್ಣು.

ಜಗತ್ತಿನ ಬೇರೆಡೆ ಇಂಥ ಮಾತುಗಾರನಿಗೆ ಗೌರವದ ಸ್ಥಾನವಿತ್ತು. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ‘ಬೆನ್ಶಿ’ ಎಂಬ ಕಥೆಗಾರರು ಪರದೆಯ ಪಕ್ಕ ನಿಂತು ಪಾತ್ರಗಳ ಮಾತನ್ನು ಆಡಿ ತೋರಿಸುತ್ತಿದ್ದರು. ಚಿತ್ರಕ್ಕಿಂತ ಬೆನ್ಶಿಯ ಹೆಸರು ನೋಡಿ ಟಿಕೆಟ್ ಕೊಳ್ಳುವವರಿದ್ದರು. ಭಾರತದ ಮೂಕಿ ಚಿತ್ರಗಳಲ್ಲೂ ಪರದೆಯ ಮೇಲಿನ ಬರಹವನ್ನು ಓದುಬಲ್ಲವರು ಗಟ್ಟಿಯಾಗಿ ಓದಿ ಉಳಿದವರಿಗೆ ತಿಳಿಸುತ್ತಿದ್ದರು. ಟಿಬೆಟನ್ ಗುರು ದಲೈ ಲಾಮಾ ಅವರ ಪ್ರವಚನಗಳಲ್ಲಿ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುವ ಉಪಾಯ ಕಂಡುಕೊಂಡಿದ್ದಾರೆ: ಬೇರೆ ಭಾಷೆಯವರು ಸಣ್ಣ ಎಫ್‌ಎಂ ರೇಡಿಯೋದಲ್ಲಿ ಅನುವಾದ ಕೇಳುತ್ತಾರೆ.

ಕುರ್ಚಿಯವರು, ಅಂಚಿನವರು

ಹಾಗೆಂದು ಎಲ್ಲ ಗದ್ದಲವೂ ಕ್ಷಮಾರ್ಹವಲ್ಲ. ಟೂರಿಂಗ್ ಟಾಕೀಸಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ದುಡ್ಡು ಜಾಗವನ್ನು ಹಂಚುತ್ತಿತ್ತು. ಪುಕ್ಕಟೆ ಬಯಲಿನಲ್ಲಿ ಹಂಚುವವರು ಯಾರು? ಊರಿನ ಹಳೆಯ ಏರ್ಪಾಡೇ ಅಲ್ಲಿಯೂ ಬಂದು ಕೂರುತ್ತಿತ್ತು. ಮುಂದೆ ಮುಖಂಡರ ಕುರ್ಚಿ. ಅವರು ಬರುವ ತನಕ ಆಟ ಶುರುವಿಲ್ಲ. ಒಂದು ಬದಿಗೆ ಹೆಂಗಸರು. ಕೆಲವರಿಗೆ ಯಾರೂ ಹೇಳದೆಯೇ ಅಂಚಿನಲ್ಲಿ ನಿಲ್ಲುವ ಪಾಡು. ಸಾರ್ವಜನಿಕ ಮನರಂಜನೆಯ ಸ್ಥಳಕ್ಕೆ ಅಸ್ಪೃಶ್ಯತೆಯ ನೆಪದಲ್ಲಿ ಪ್ರವೇಶ ತಡೆಯುವುದು 1955ರ ಕಾಯ್ದೆಯಂತೆ ಶಿಕ್ಷಾರ್ಹ. ಆದರೆ ಬಯಲಿಗೆ ಬಾಗಿಲಿಲ್ಲ. ಅಲ್ಲಿ ದೂರವೇ ಬಾಗಿಲು. ಅಂಚಿನಲ್ಲಿ ನಿಂತವನ ತಲೆ ಅಡ್ಡ ಬಂತೆಂದು ಗದರುವ ಮುನ್ನ ಅವನು ಯಾಕೆ ನಿಂತಿದ್ದಾನೆಂದು ಕೇಳಬೇಕಿತ್ತು.

ಹೆಂಗಸರ ಬದಿಗೆ ಬ್ಯಾಟರಿ ಬಿಡುವುದು, ಸಿಳ್ಳೆ ಹಾಕುವುದು, ಕುಡಿದು ಬಂದು ಜಗಳ ತೆಗೆಯುವುದು ಇವು ಮಾತ್ರ ಯಾವ ಲೆಕ್ಕದಲ್ಲೂ ಮರ್ಯಾದೆಯಲ್ಲ. ಕಾಡಿನ ದಾರಿಯಲ್ಲಿ ಗುಂಪಾಗಿ ಬಂದವರು ಗುಂಪಾಗಿಯೇ ಮರಳಬೇಕು. ಒಬ್ಬಳು ಬೇಸತ್ತು ಎದ್ದರೆ ಅವಳ ಊರಿನವರೆಲ್ಲ ಏಳಬೇಕು. ಮುಂದಿನ ಸಲ ಅವಳನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಟಿಕೆಟ್ ಇಲ್ಲದ ಆಟವೂ ಆಗ ಅವಳ ಪಾಲಿಗೆ ಮುಚ್ಚಿದಂತೆಯೇ.

ಈಗಿನ ಬಯಲು

ಗಣೇಶ ಮಂಟಪಗಳಿಗೆ ವಿಸಿಆರ್ ಬಂದ ಮೇಲೆ, ಮನೆಮನೆಗೆ ಟಿವಿ ಬಂದ ಮೇಲೆ ಪ್ರಚಾರದ ಜೀಪಿಗೆ ಕಾಯುವವರು ಕಡಿಮೆಯಾದರು. ಕ್ಷೇತ್ರ ಪ್ರಚಾರ ನಿರ್ದೇಶನಾಲಯ 2017ರಲ್ಲಿ ಬೇರೆ ಘಟಕಗಳೊಂದಿಗೆ ವಿಲೀನವಾಯಿತು. ಈಗ ಸಿನಿಮಾ ಮೊಬೈಲಿನಲ್ಲಿದೆ. ಪಕ್ಕದಲ್ಲಿ ಮಾತಾಡುವವನೂ ಇಲ್ಲ, ಅರ್ಥವಾಗದಿದ್ದರೆ ಹೇಳಿಕೊಡುವವನೂ ಇಲ್ಲ.

ಆದರೂ ಶಾಲೆ, ಪಂಚಾಯಿತಿ, ಸಂಘಸಂಸ್ಥೆಗಳು ಇಂದಿಗೂ ಪ್ರೊಜೆಕ್ಟರ್ ಹಚ್ಚಿ ಪುಕ್ಕಟೆ ಸಿನಿಮಾ ತೋರಿಸುವುದುಂಟು. ರಿಂಗಣಿಸುವ ಫೋನು, ಎತ್ತಿಹಿಡಿದ ಮೊಬೈಲಿನ ಬೆಳಕು ಇವು ಹೊಸ ಕಿರಿಕಿರಿಗಳು. ಅವಕ್ಕೆ ಗದರಿಕೆಯೇ ಮದ್ದಲ್ಲ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಹಳ್ಳಿಗರಿಗೆ ಹೊರದೇಶದ ಶ್ರೇಷ್ಠ ಚಿತ್ರಗಳನ್ನು ತೋರಿಸಿದಾಗ ಕನ್ನಡದಲ್ಲಿ ವಿವರಿಸಿ ಜನರನ್ನು ಸಜ್ಜುಗೊಳಿಸುವ ದಾರಿ ಹಿಡಿಯಿತು. ಆ ದಾರಿ ಇಲ್ಲಿಗೂ ಸಲ್ಲುತ್ತದೆ. ಆಟ ಹಚ್ಚುವ ಮುನ್ನ ಐದು ನಿಮಿಷ ಕಥೆಯ ಎಳೆಯನ್ನು ಊರಿನ ನುಡಿಗಳಲ್ಲಿ ಹೇಳಿಸಬೇಕು. ಭಾಷೆ ತಿಳಿಯದವರನ್ನು ಒಂದು ಬದಿಗೆ ಕೂರಿಸಿ ಅವರ ನಡುವೆ ಹೇಳಬಲ್ಲವನೊಬ್ಬನನ್ನು ಇಡಬೇಕು. ಮಕ್ಕಳು ಮುಂದೆ, ಕುರ್ಚಿಗಳು ಕೊನೆಯ ಸಾಲಿಗೆ. ಮುಖಂಡರು ತಡವಾದರೂ ಆಟ ಹೇಳಿದ ಹೊತ್ತಿಗೆ ಶುರುವಾಗಬೇಕು. ಇಷ್ಟಾದ ಮೇಲೂ ಮಾತಾಡುವವನಿದ್ದರೆ ಅವನಿಗೆ ಸುಮ್ಮನಿರು ಎನ್ನಲು ಯಾರೂ ಸಂಕೋಚಪಡಬೇಕಿಲ್ಲ.