ಹುಣಸಿ ಹೋಯಿತು, ಬನ್ನಿ ಉಳಿಯಿತು

ನಮ್ಮೂರಿನಿಂದ ದೊಡ್ಡ ರಸ್ತೆಗೆ ಸೇರುವ ದಾರಿ ಮೂರು ಕಿಲೋಮೀಟರ್. 2021ರ ಬೇಸಿಗೆಯಲ್ಲಿ ಆ ದಾರಿಯ ಮರಗಳ ಮೈಮೇಲೆ ಬಿಳಿ ಬಣ್ಣದ ಅಂಕಿ ಬಿದ್ದವು. ಶಹಾಪುರ-ಸುರಪುರ ಕಡೆ ಇಂಥ ದಾರಿಗಳು ಒಂದೊಂದಾಗಿ ಅಗಲ ಆಗುತ್ತಿವೆ. ಅಗಲ ಆಗುವುದು ನಮಗೂ ಬೇಕಾಗಿತ್ತು ಅನ್ನಿ. ಭತ್ತದ ಸುಗ್ಗಿಯಲ್ಲಿ ಎರಡು ಟ್ರ್ಯಾಕ್ಟರ್ ಎದುರಾದರೆ ಒಂದು ಹೊಲಕ್ಕಿಳಿಯಬೇಕು. ಹೀಗಾಗಿ ಯಾರೂ ತಕರಾರು ತೆಗೆಯಲಿಲ್ಲ.

ಅಂಕಿ ಬಿದ್ದ ಮರ ಒಟ್ಟು 41. ಹೆಚ್ಚಿನವು ಬೇವು, ಉಳಿದವು ಬಳ್ಳಾರಿ ಜಾಲಿ. ಜಾಲಿ ಹೋದರೆ ಊರಿಗೆ ಪೀಡೆ ಹೋದಂತೆ. ಆದರೆ 23ನೇ ನಂಬರು ಅಗಸಿ ಮುಂದಿನ ಹುಣಸಿ ಮರ, 24 ಅದರ ಆಚೆಯ ಬನ್ನಿ. ಅವನ್ನು ನೋಡಿದ ಮೇಲೆ ನಾಲ್ಕಾರು ಮಂದಿಗೆ ಎದೆ ಧಸಕ್ ಅಂದಿತು.

ಆ ಹುಣಸಿ ಎಷ್ಟು ವರ್ಷದ್ದು ಎಂದು ಯಾರಿಗೂ ಗೊತ್ತಿಲ್ಲ. ನಮ್ಮ ಮುತ್ಯಾ ಹುಡುಗನಿದ್ದಾಗಲೂ ಅಷ್ಟೇ ದೊಡ್ಡದಿತ್ತಂತೆ. ಎತ್ತಿಗೆ ನಾಲು ಬಡಿಸುತ್ತಿದ್ದುದು ಅದರ ಕೆಳಗೆ. 1972ರ ಬರದಲ್ಲಿ ಗಂಜಿ ಹಾಕಿದ್ದೂ ಅದರ ನೆರಳಲ್ಲೇ. ಆ ಸಾಲಿನಲ್ಲಿ ತಾಟು ಹಿಡಿದು ಕೂತವರು ಈಗಲೂ ಊರಲ್ಲಿ ಇದ್ದಾರೆ. ಬನ್ನಿಯದು ಬೇರೆ ಮಾತು. ದಸರಾಕ್ಕೆ ಊರೆಲ್ಲ ಅಲ್ಲಿಗೇ ಹೋಗಿ ಎಲೆ ಹರಿದು ತರುವುದು.

ನಾವು ಐದು ಜನ ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿದ್ದವರು ಕೂಡಿಸಿ ನೀರು ಕೊಟ್ಟು ಮಾತಾಡಿಸಿದರು, ಅದರಲ್ಲಿ ಸುಳ್ಳಿಲ್ಲ.

"ಕಾಕಾ, ಮರ ಹಳೇದು ಅಂತೀರಿ, ನಾ ಇಲ್ಲ ಅನ್ನಂಗಿಲ್ಲ. ಅದಕ್ಕ ಕಾಗದ ಏನದ? ರಸ್ತಾ ಬಾಜೂ ಮರ ಅಂದ್ರ ಸರ್ಕಾರದ್ದು. ಪಟ್ಟೀಒಳಗ ಅದು ಬರೀ ಒಂದು ನಂಬರು."

ನಮ್ಮ ಹತ್ತಿರ ಕಾಗದ ಇರಲಿಲ್ಲ. ಎದ್ದು ಬಂದೆವು.

ಹದಿನೈದು ದಿನದ ಮೇಲೆ ಯಂತ್ರ ಬಂತು. ಹುಣಸಿ ಕಡಿಯಲು ಎರಡು ದಿನ ಹಿಡಿಯಿತು. ಮೂರನೇ ದಿನ ಬನ್ನಿಯ ಪಾಳಿ. ಕಡಿಯಲು ಬಂದ ಕೂಲಿ ಹುಡುಗರು ಗರಗಸ ಕೆಳಗಿಟ್ಟು, "ಬನ್ನಿಗಿ ನಾವು ಕೈ ಹಚ್ಚಂಗಿಲ್ರಿ ಯಪ್ಪಾ, ಬ್ಯಾರೇದವ್ರಿಗಿ ಕರೀರಿ" ಅಂದರು. ಗುತ್ತಿಗೆದಾರ ಬೈದ, ಕೂಲಿ ಹೆಚ್ಚು ಕೊಡುತ್ತೇನೆಂದ. ಒಬ್ಬನೂ ಮುಂದೆ ಬರಲಿಲ್ಲ. ಕೊನೆಗೆ ಮೋರಿಯ ಗೆರೆಯನ್ನು ಆರು ಅಡಿ ಒಳಗೆ ಎಳೆದರು. ಬನ್ನಿ ಇವತ್ತಿಗೂ ನಿಂತಿದೆ.

ಬನ್ನಿಯನ್ನು ಉಳಿಸಿದ್ದು ಯಾವ ಕಾಯ್ದೆಯೂ ಅಲ್ಲ, ಆ ಹುಡುಗರ ಅಂಜಿಕೆ. ಹುಣಸಿಗೆ ಅಂಥ ಅಂಜಿಕೆ ಇಲ್ಲ. ಹುಣಸಿಯಲ್ಲಿ ದೆವ್ವ ಇರುತ್ತದೆ ಎನ್ನುತ್ತಾರೆಯೇ ಹೊರತು ದೇವರು ಇದ್ದಾನೆ ಎಂದು ಯಾರೂ ಹೇಳುವುದಿಲ್ಲ. ಬೇವಿಗೆ ಅರ್ಧ ಉಂಟು, ಅರ್ಧ ಇಲ್ಲ. ಕರಿಜಾಲಿಗಂತೂ ಏನೂ ಇಲ್ಲ. ಆದರೆ ಕುಂಟಿ, ಕೂರಿಗಿ, ಚಕ್ಕಡಿ ಎಲ್ಲ ಅದರದ್ದೇ ಕಟ್ಟಿಗೆ. ದೇವರಿಲ್ಲದ ಮರಕ್ಕೆ ಯಾರು ದಿಕ್ಕು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಒಂದಷ್ಟು ಓದಿದೆ, ಒಂದಷ್ಟು ಕಡೆ ತಿರುಗಿದೆ.

ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲು ಬಹಳ ಮಂದಿಗೆ ಗೊತ್ತು. ಬಯಲಲ್ಲಿ ಯಾವ ಕಾಲದ ಜನರೋ ಸಾಲಾಗಿ ಇಟ್ಟುಹೋದ ಗುಂಡುಗಳು. ಸುರಪುರದಲ್ಲಿದ್ದ ಟೇಲರ್ ಸಾಹೇಬ ನಮ್ಮ ಭಾಗದ ಇಂಥ ಕಲ್ಲುಗಳ ಬಗ್ಗೆ ನೂರೈವತ್ತು ವರ್ಷಕ್ಕೂ ಹಿಂದೆ ಬರೆದ. ಈಗ ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕೇಂದ್ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಟ್ಟಡ, ಶಾಸನ, ಕಲ್ಲುಗಂಬ ಪ್ರಾಚೀನ ಸ್ಮಾರಕ ಆಗಬಹುದು. ಮರಕ್ಕೆ ಹಾಗೆ ವಯಸ್ಸಿನ ಲೆಕ್ಕ ಇಲ್ಲ. ಪಕ್ಕದ ಮಹಾರಾಷ್ಟ್ರದವರು 2021ರಲ್ಲಿ ಕಾಯ್ದೆ ತಿದ್ದಿ 50 ವರ್ಷ ಮೀರಿದ ಮರವನ್ನು ಪಾರಂಪರಿಕ ಮರ ಎಂದು ಕರೆದರು. ಅದೂ ಪೇಟೆ-ಪಟ್ಟಣಗಳ ಮಟ್ಟಿಗೆ, ಹಳ್ಳಿಗಲ್ಲ.

ನಮ್ಮಲ್ಲಿ ಇರುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅದು ಅನ್ವಯಿಸುವ ಕಡೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಹಳ್ಳಿಯವರು ಸ್ವಂತದ ಉರುವಲು, ಮೇವು, ಒಕ್ಕಲುತನದ ಸಾಮಾನಿಗೆ ಕೇಳಿದರೆ ಇಲ್ಲ ಅನ್ನುವಂತಿಲ್ಲ ಎಂಬ ಮಾತೂ ಅದರಲ್ಲಿದೆ. ನೀಲಗಿರಿ, ಸರ್ವೆಯಂಥ ಹಲವು ಜಾತಿಗೆ ವಿನಾಯಿತಿ ಇದೆ. ಪಟ್ಟಿ ಆಮೇಲೆ ಇನ್ನೂ ಬೆಳೆಯಿತು. ಒಂದೇ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರಿಗೆ ತಿಳಿಸಿ ಆಕ್ಷೇಪಣೆ ಕೇಳಬೇಕು ಎಂದು ನಂತರದ ತಿದ್ದುಪಡಿಯಲ್ಲಿ ಸೇರಿತು. ನಮ್ಮ ದಾರಿಯದು 41, ಲೆಕ್ಕ ಹಾಕಿಕೊಳ್ಳಿ. ಈ ಕಾಯ್ದೆ ಕೇಳುವುದು ಯಾವ ಜಾತಿ, ಎಷ್ಟು ಮರ, ಯಾಕೆ ಕಡಿಯಬೇಕು ಎಂದು. ಈ ಮರ ಈ ಊರಿಗೆ ಏನಾಗಬೇಕು ಎಂದು ಕೇಳುವುದಿಲ್ಲ.

ಆ ಮಾತು ಕೇಳುವ ಕಾಯ್ದೆ ಬೇರೆ ಇದೆ: 2002ರ ಜೀವವೈವಿಧ್ಯ ಕಾಯ್ದೆ. ಅದರಂತೆ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ-ಮರ, ತಳಿ, ಅವುಗಳ ಬಳಕೆ ಎಲ್ಲ ಬರೆದಿಡುವ ಜನತಾ ದಾಖಲಾತಿ ಮಾಡಬೇಕು. ಬಹಳ ವರ್ಷ ಇದು ಕಾಗದದಲ್ಲೇ ಉಳಿದಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ ಒಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ಕಟ್ಟಬೇಕು ಎಂದ ಮೇಲೆ ದೇಶದ ತುಂಬ ಗಡಿಬಿಡಿಯಲ್ಲಿ ದಾಖಲಾತಿಗಳು ತಯಾರಾದವು. ನಮ್ಮ ಪಂಚಾಯತಿಯದೂ ತಯಾರಾಗಿ ಕಪಾಟಿನಲ್ಲಿತ್ತು. ತೆಗೆಸಿ ನೋಡಿದೆ. "ಮರಗಳು: ಬೇವು, ಆಲ, ಅರಳಿ, ಹುಣಸೆ, ಬನ್ನಿ" ಎಂದಿದೆ, ಅಷ್ಟೆ. ಯಾವ ಹುಣಸೆ, ಎಲ್ಲಿಯದು, ಒಂದು ಅಕ್ಷರ ಇಲ್ಲ. ಯಾವ ಊರಿನ ಹೆಸರು ಮೇಲೆ ಬರೆದರೂ ನಡೆಯುತ್ತದೆ.

ಅದೇ ಕಪಾಟಿನಲ್ಲಿ ಇನ್ನೊಂದು ವಸ್ತು ಸಿಕ್ಕಿತು. ಹೊಟ್ಟೆ ಉರಿಯುವುದು ಅದಕ್ಕೇ. ನಮ್ಮ ಹುಣಸಿಯ ಹಣ್ಣನ್ನು ಪ್ರತಿ ವರ್ಷ ಪಂಚಾಯತಿ ಲಿಲಾವು ಮಾಡುತ್ತಿತ್ತು. ಹಳೇ ಲಿಲಾವು ವಹಿಯಲ್ಲಿ "ಅಗಸಿ ಮುಂದಿನ ಹುಣಸಿ ಮರ ಒಂದು" ಎಂದು ವರ್ಷ ವರ್ಷ ಬರೆದು, ಯಾರು ಹಿಡಿದರು, ಎಷ್ಟಕ್ಕೆ ಹಿಡಿದರು, ಸಹಿ ಸಮೇತ ಇದೆ. ಕಾಗದ ಇತ್ತು! ಕಚೇರಿಯವರು ಕೇಳಿದಾಗ ನಮ್ಮ ಐದು ಜನರಲ್ಲಿ ಒಬ್ಬನಿಗೂ ಅದು ನೆನಪಾಗಲಿಲ್ಲ. ಒಂದು ವರ್ಷ ಹಣ್ಣು ಹಿಡಿದವರಲ್ಲಿ ನಾನೂ ಒಬ್ಬ. ಆ ವಹಿ ತೋರಿಸಿದ್ದರೆ ಮರ ಉಳಿಯುತ್ತಿತ್ತು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಬರೀ ನಂಬರು ಎನ್ನಲು ಆಗುತ್ತಿರಲಿಲ್ಲ.

ಹುಣಸಿಗೂ ಕಾಯ್ದೆಯ ಮಾನ ಸಿಕ್ಕ ಊರು ನಮ್ಮ ರಾಜ್ಯದಲ್ಲೇ ಇದೆ. ದೇವನಹಳ್ಳಿ ಹತ್ತಿರದ ನಲ್ಲೂರಿನಲ್ಲಿ 54 ಎಕರೆಯ ಹಳೇ ಹುಣಸೆ ತೋಪು. 2007ರಲ್ಲಿ ಅದು ಜೀವವೈವಿಧ್ಯ ಪಾರಂಪರಿಕ ತಾಣವಾಯಿತು, ಇಡೀ ದೇಶಕ್ಕೆ ಮೊದಲನೆಯದು. ಸ್ಥಳೀಯ ಪಂಚಾಯತಿಯ ಜೊತೆ ಸಮಾಲೋಚಿಸಿ ರಾಜ್ಯ ಸರ್ಕಾರ ಹೀಗೆ ಸಾರಬಹುದು ಎಂದು ಕಾಯ್ದೆಯ 37ನೇ ಕಲಮು ಹೇಳುತ್ತದೆ. ಇದರಿಂದ ಯಾರಿಗಾದರೂ ನಷ್ಟವಾದರೆ ಪರಿಹಾರದ ಯೋಜನೆ ಮಾಡಬೇಕು ಎಂದೂ ಇದೆ. ನಮ್ಮಂಥ ಸಣ್ಣ ಹಿಡುವಳಿಯವರು ಆ ಸಾಲನ್ನು ಎರಡು ಸಲ ಓದಬೇಕು.

ದೇಶೀ ಮರ ಎನ್ನುವುದರಲ್ಲೂ ಒಂದು ತಮಾಷೆ ಇದೆ. ಹುಣಸೆಯ ಮೂಲ ಆಫ್ರಿಕಾ ಎನ್ನುತ್ತಾರೆ. ಸವಣೂರಿನ ದೊಡ್ಡಹುಣಸೆ ಮಠದ ಮೂರು ಹೆಮ್ಮರಗಳೂ ಅಲ್ಲಿಯವೇ. ಬಳ್ಳಾರಿ ಜಾಲಿ ಅಮೆರಿಕಾದ್ದು. ಮೊದಲಿನವು ಊರಿನವಾದವು, ಕೊನೆಯದು ಆಗಲಿಲ್ಲ. ಬನ್ನಿ, ಬೇವು, ಕರಿಜಾಲಿ, ಮುತ್ತಲ ನಮ್ಮ ಮಣ್ಣಿನವು. ಇವುಗಳ ಮಾತು ಎತ್ತುವವರೇ ಕಡಿಮೆ.

ಕಾಯ್ದೆ ಆದ ಕೂಡಲೇ ಮರ ಉಳಿಯಿತು ಎಂದೂ ಅಲ್ಲ. ಯಾದಗಿರಿಯಿಂದ ನಾರಾಯಣಪೇಟೆ ದಾಟಿ ಮೆಹಬೂಬನಗರಕ್ಕೆ ಹೋದರೆ ಪಿಲ್ಲಲಮರ್ರಿ ಎಂಬ ಆಲದ ಮರ ಇದೆ. ಅದಕ್ಕೆ ಏಳುನೂರು ವರ್ಷ ಎಂದು ಜನ ಹೇಳುತ್ತಾರೆ, ಎಕರೆಗಟ್ಟಲೆ ಹಬ್ಬಿದೆ. ಬಂದವರು ಕೊಂಬೆಗೆ ಜೋತು ಬಿದ್ದು ಆಡಿದರು, ಒಳಗೆ ಗೆದ್ದಲು ಹತ್ತಿತು, ಒಂದು ದೊಡ್ಡ ಟೊಂಗೆ ಬಿತ್ತು. 2017ರ ಕೊನೆಗೆ ಜನರನ್ನು ಒಳಗೆ ಬಿಡುವುದು ನಿಲ್ಲಿಸಿದರು. 2018ರಲ್ಲಿ ನೀರಲ್ಲಿ ಕಲಸಿದ ಕ್ಲೋರೋಪೈರಿಫಾಸ್ ಅನ್ನು ದವಾಖಾನೆಯ ಸಲೈನ್ ಬಾಟಲಿಗಳಲ್ಲಿ ತುಂಬಿ, ನೂರಾರು ಕಡೆ ನೇತುಹಾಕಿ ಹನಿ ಹನಿಯಾಗಿ ಮರಕ್ಕೆ ಇಳಿಸಿದರು. ನಾವು ತೊಗರಿಗೆ, ಹತ್ತಿಗೆ ಹೊಡೆಯುವ ಅದೇ ಎಣ್ಣೆ! ಭಾರದ ಟೊಂಗೆಗಳಿಗೆ ಕಾಂಕ್ರೀಟಿನ ಕಂಬದ ಆಸರೆ ಕೊಟ್ಟರು. ನೋಡಿಕೊಳ್ಳುವವರು ಬೇಕು, ದುಡ್ಡೂ ಬೇಕು.

ಇನ್ನು ನಮ್ಮ ಸ್ವಂತ ಹೊಲದ ಮಾತು. ರೈತರಿಗೆ ಮರದ ಕಾಯ್ದೆ ಎಂದರೆ ಅಂಜಿಕೆ, ಅದಕ್ಕೆ ಕಾರಣವೂ ಇದೆ. ನಿಜಾಮನ ಕಾಲಕ್ಕೆ ನಮ್ಮ ಹೊಲದ ಈಚಲ ಮರದ ಸೇಂದಿ ಅಬಕಾರಿಯವರ ಪಾಲು. ಶ್ರೀಗಂಧ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು ಎಂಬುದು 2001ರ ತಿದ್ದುಪಡಿಯವರೆಗೂ ನಡೆಯಿತು. ಹೊಲದಲ್ಲಿ ಗಂಧದ ಸಸಿ ಕಂಡರೆ ನಮ್ಮ ಹಿರಿಯರು ಕಿತ್ತು ಒಗೆಯುತ್ತಿದ್ದರು. ಬೇವು-ಬನ್ನಿಗೆ ಬಿಗಿ ಕಾಯ್ದೆ ತಂದರೆ ಅವಕ್ಕೂ ಅದೇ ಗತಿ. ನನ್ನ ಅಭಿಪ್ರಾಯ ಇಷ್ಟು: ರಸ್ತೆ, ಗೋಮಾಳ, ಹಳ್ಳದ ದಂಡೆ, ಗುಡಿ-ದರ್ಗಾದ ಸುತ್ತಲಿನ ಮರಗಳಿಗೆ ಕಾಯ್ದೆ ಬಿಗಿಯಾಗಲಿ. ರೈತನ ಬದುವಿನ ಮರ ಅವನ ಒಪ್ಪಿಗೆಯಿಂದ ಮಾತ್ರ ಪಟ್ಟಿಗೆ ಬರಲಿ, ಬಂದರೆ ಅವನಿಗೇನಾದರೂ ಸಿಗಲಿ.

ಹುಣಸಿ ಹೋದ ಮರುವರ್ಷ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು ಠರಾವು ಮಾಡಿಸಿದೆವು. ಕೆಲಸ ಕಷ್ಟದ್ದಲ್ಲ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಹಗ್ಗ ಸುತ್ತಿ ಮರದ ಸುತ್ತಳತೆ ತೆಗೆಯಬೇಕು. ಸರ್ವೆ ನಂಬರು, ಚಕ್ಕಬಂದಿ, ಊರಿಗೆ ಏನು ಬಳಕೆ, ಹಿರಿಯರು ಏನು ಹೇಳುತ್ತಾರೆ, ಒಂದು ಫೋಟೋ, ಇಷ್ಟು ಬರೆದು ದಾಖಲಾತಿಗೆ ಸೇರಿಸಲು ಸಮಿತಿಗೆ ಕೊಡಬೇಕು. ಠರಾವಿನ ನಕಲು ನಿಮ್ಮ ಮನೆಯಲ್ಲಿರಲಿ, ವಲಯ ಅರಣ್ಯ ಕಚೇರಿಗೂ ಒಂದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಲಿಲಾವು ವಹಿ, ಗುಡಿಯ ಲೆಕ್ಕ, ಹಳೇ ಪಹಣಿ ಹುಡುಕಿ. ಪಹಣಿಯಲ್ಲಿ ಮರಗಳಿಗೆಂದೇ ಕಲಮು ಇದೆ, ಬಹಳ ಮಂದಿಯದು ಖಾಲಿ ಇರುತ್ತದೆ. ಈ ಠರಾವಿನಿಂದ ಮರವನ್ನು ಕಡಿಯಲೇಬಾರದು ಎಂದಾಗುವುದಿಲ್ಲ. ಮುಂದಿನ ಸಲ ಬರುವವರು ಅದನ್ನು ಓದಿ ಉತ್ತರ ಕೊಡಬೇಕಾಗುತ್ತದೆ, ಅಷ್ಟೆ.

ನಮ್ಮ ಪಟ್ಟಿಯಲ್ಲಿ ಹನ್ನೊಂದು ಮರ ಬಂದವು. ಬನ್ನಿಯ ಸುತ್ತಳತೆ ಏಳು ಅಡಿ ಎರಡು ಇಂಚು. ಹನ್ನೆರಡನೆಯದು ನನ್ನ ಬದುವಿನ ಬೇವು ಆಗಬೇಕಿತ್ತು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ವರ್ಷ ಗದ್ದೆ ಮಾಡಲು ಬದುವಿನ ನಾಲ್ಕು ಬೇವು, ಒಂದು ಬನ್ನಿ ನಾನೇ ಕಡಿಸಿದ್ದೆ. ಉಳಿದದ್ದು ಇದೊಂದೇ. ಮಗನನ್ನು ಕೇಳಿದೆ.

"ಯಪ್ಪಾ, ಟ್ರ್ಯಾಕ್ಟರ್ ತಿರುವಲಾಕ ಅದೇ ಅಡ್ಡ ಬರ್ತದ. ಇವತ್ತ ಬರೆಸಿದ್ರ ನಾಳಿ ನಮ್ಮ ಹೊಲದಾಗ ನಮಗೇ ಕೇಳಿ ಕಡೀಬೇಕಾಗ್ತದ" ಅಂದ.

ಅವನ ಮಾತಿನಲ್ಲೂ ತಪ್ಪಿಲ್ಲ. ಹೊಲ ಉಳುವವನು ಈಗ ಅವನು. ಪಟ್ಟಿಯಲ್ಲಿ ಹನ್ನೆರಡನೇ ಸಾಲು ಖಾಲಿ ಬಿಟ್ಟೇ ಕೊಟ್ಟೆ. ಬೇವು ಇನ್ನೂ ಕಡಿದಿಲ್ಲ.