ಮೊದಲು ಕೋಲು, ಬರಿಗೈ ಆಮೇಲೆ

ಕರಾಟೆ ಕಲಿಕೆ ಬರಿಗೈಯಿಂದ ಶುರು. ಫಿಲಿಪ್ಪೀನ್ಸಿನ ಆರ್ನಿಸ್‌ನಲ್ಲಿ ತಿರುವುಮುರುವು: ಹೊಸಬರ ಕೈಗೆ ಮೊದಲೇ ಕೋಲು!

ಎಸ್ಕ್ರಿಮಾ, ಕಾಲಿ ಎಂದೂ ಕರೆಸಿಕೊಳ್ಳುವ ಈ ವಿದ್ಯೆಯನ್ನು 2009ರಲ್ಲಿ ಅಲ್ಲಿನ ಕಾನೂನೇ ರಾಷ್ಟ್ರೀಯ ಕ್ರೀಡೆಯೆಂದು ಸಾರಿತು.

ಕೋಲು ಸುಮಾರು 28 ಇಂಚಿನ ಬೆತ್ತದ್ದು. ಬೆತ್ತವೇ ಏಕೆ? ಬಿದಿರಿನಂತೆ ಟೊಳ್ಳಲ್ಲ, ಆದರೂ ಹಗುರ. ಏಟು ತಿಂದು ತಿಂದು ನಾರುನಾರಾಗುತ್ತದೆಯೇ ಹೊರತು ಚೂಪು ಚಕ್ಕೆಯಾಗಿ ಸಿಡಿಯುವುದು ಕಡಿಮೆ. ಕಮಗೋಂಗ್ ಎಂಬ ಗಟ್ಟಿ ಕಪ್ಪು ಮರದ ಕೋಲು ಕಣ್ಣಿಗೆ ಚೆಂದ, ಭಾರವೂ ಜಾಸ್ತಿ. ಜೊತೆಗಾರರ ಬೆರಳಿನ ಮೇಲೆ ಕರುಣೆಯಿದ್ದರೆ ಒಂಟಿ ಅಭ್ಯಾಸಕ್ಕಷ್ಟೇ ಇಟ್ಟುಕೊಳ್ಳುವುದು ಲೇಸು.

ಹಿಂದೆ ಅಭ್ಯಾಸದಲ್ಲೂ ಕೈಗೇ ಏಟು ಬೀಳುತ್ತಿತ್ತು. ಆರ್ನಿಸ್ ಗುರು ರೆಮಿ ಪ್ರೆಸಾಸ್ ತಮ್ಮ ‘ಮಾಡರ್ನ್ ಆರ್ನಿಸ್’ ಶೈಲಿಯಲ್ಲಿ ಕೋಲಿಗೆ ಕೋಲು ತಾಗಿಸುವ ಪದ್ಧತಿಗೆ ಒತ್ತು ಕೊಟ್ಟರು.

ಕೊಳ್ಳುವಾಗ ಬಿರುಕು ನೋಡಬೇಕು. ಸಿನವಾಲಿ ಎಂಬ ಜೋಡಿ ಕೋಲಿನ ಅಭ್ಯಾಸಕ್ಕೆ ಎರಡರ ತೂಕವೂ ಹೊಂದಬೇಕು. ಸ್ಪಾರಿಂಗಿಗೆ ಮಾತ್ರ ಸ್ಪಂಜು ಹೊದಿಸಿದ ಕೋಲು, ಜೊತೆಗೆ ಹೆಲ್ಮೆಟ್.